ಸಾಸಿವೆ ಕಾಳಿನಷ್ಟು ನೀಲಿ

ನಕಾಶಾ ಕಾಕಾ ಹೋದರು ಎಂಬ ಸುದ್ದಿ ಬಂದಾಗ ನಾನು ಥಾಣೆ ಸ್ಟೇಷನ್ನಿನಲ್ಲಿ ನೆರೂಳಿನ ಗಾಡಿಗೆ ಕಾಯುತ್ತಿದ್ದೆ. ಅವರ ಮಗ ಕಳಿಸಿದ ಎರಡು ಸಾಲಿನ ಮೆಸೇಜು. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ, ಕಾರ್ಯವೂ ಆಯಿತು, ತಿಳಿಸಲು ತಡವಾದದ್ದಕ್ಕೆ ಕ್ಷಮಿಸಿ ಎಂದಿತ್ತು. ಗಾಡಿ ಬಂತು, ಹತ್ತಿದೆ, ಅಪರೂಪಕ್ಕೆ ಕಿಟಕಿಯ ಸೀಟೂ ಸಿಕ್ಕಿತು. ಐರೋಲಿ ದಾಟುವವರೆಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದದ್ದು ಒಂದು ಥರದ ದಣಿವು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಆಗುವುದು ಅದೇ. ದಣಿಯದೇ ಇದ್ದ ಅವರನ್ನು ನಾನು ಯಾವತ್ತೂ ನೋಡಿಲ್ಲ.

ಅವರ ಹೆಸರು ಬರೆದರೆ ಡೊಂಬಿವಲಿಯ ಆ ಸೊಸೈಟಿಯವರಿಗೆ ಗುರುತು ಸಿಗುತ್ತದೆ. ಅವರಿಗೂ ಸಾಕಾಗಿದೆ. ಆದ್ದರಿಂದ ಆಫೀಸಿನ ಮರಾಠಿ ಹುಡುಗಿಯರು ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ. ನಕಾಶಾ ಎಂದರೆ ನಕ್ಷೆ. ಬಾಗಲಕೋಟೆಯ ಕಡೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ ಬಂದು, ಥಾಣೆಯ ಒಂದು ಖಾಸಗಿ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ, ಅಲ್ಲಿಯೇ ಮುದುಕರಾದವರು ಅವರು. ನಾನು ಮೈಸೂರಿನವಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ, ಅದೇ ಆಫೀಸಿನ ಹಳೆಯ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ಸಿಕ್ಕಿತು. ನನ್ನ ಟೇಬಲ್ಲಿನ ಎದುರು ಅವರ ಟೇಬಲ್ಲು. ನಾಲ್ಕು ವರ್ಷ ಹಾಗೆಯೇ ಕೂತೆವು.

ಮೊದಲ ದಿನ ನಾನು ಒಂದು ಹಾಳೆಯನ್ನು ಬಿಚ್ಚಲು ಹೋದಾಗ ಅವರು ತಡೆದು, ಕೈ ತೊಳೆದು ಬರಲು ಹೇಳಿದರು. ತೊಳೆದು ಬಂದೆ. ಒರೆಸಿಕೊಂಡು ಬಾ ಎಂದು ಇನ್ನೊಮ್ಮೆ ಕಳಿಸಿದರು. ಫ್ಯಾನು ಆರಿಸಿದರು. ಬೆವರುತ್ತಾ, ಬಟ್ಟೆ ಅಂಟಿಸಿದ ಆ ಹಾಳೆಯನ್ನು ಮಗುವಿನ ಲಂಗೋಟಿ ಬಿಚ್ಚಿದ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿದರು. ಒಂದು ಮೈಲಿಗೆ ಒಂದು ಇಂಚಿನ ಲೆಕ್ಕದಲ್ಲಿ ಬರೆದ ಹಳೆಯ ಸರ್ವೇ ನಕ್ಷೆ. ಕಳೆದ ಶತಮಾನದ ನಡುವಿನಲ್ಲಿ ಈ ಸೀಮೆ ಹೇಗಿತ್ತೋ ಹಾಗೆ. ಕಲ್ಯಾಣ, ನದಿಯ ಮಗ್ಗುಲಲ್ಲಿ ಒಂದು ಕೆಂಪು ಗಂಟು. ಡೊಂಬಿವಲಿ, ರೈಲು ಹಳಿಯ ಪಕ್ಕ ಚೆಲ್ಲಿದ ನಾಲ್ಕು ಕೆಂಪು ಚುಕ್ಕೆ. ವಾಶಿ, ಸಾನಪಾಡಾ, ನೆರೂಳುಗಳು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿಗೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡ ಊರುಗಳು. ಉಳಿದದ್ದೆಲ್ಲ ಗದ್ದೆಯ ಹಳದಿ ಮತ್ತು ನೀರಿನ ನೀಲಿ. ನಾನು ವಾಸವಿದ್ದ ಸೆಕ್ಟರನ್ನು ಹುಡುಕಿದೆ, ಇರಲಿಲ್ಲ. ಊರುಗಳನ್ನು ಆಮೇಲೆ ನೋಡುವಿಯಂತೆ ಎಂದು ಅವರು ನನ್ನ ಬೆರಳನ್ನು ಪೆನ್ಸಿಲಿನ ತುದಿಯಿಂದ ಸರಿಸಿದರು.

“ಮೊದಲ ನೀಲಿ ನೋಡು ತಂಗಿ. ಕೆಂಪು ಯಾವಾಗರೆ ನೋಡಿದ್ರೂ ನಡೀತದ.”

ನೀಲಿಯಲ್ಲೂ ಭೇದವಿತ್ತು. ಬೇಸಿಗೆಯಲ್ಲಿ ಬತ್ತುವ ಹೊಂಡಕ್ಕೆ ಬರೀ ಕಪ್ಪು ಗೆರೆ. ವರ್ಷವಿಡೀ ನೀರಿರುವ ಕೆರೆಗೆ ಒಳಗೆ ನೀಲಿ ತುಂಬಿರುತ್ತಿದ್ದರು. ನೋಡಲು ಅಷ್ಟೇನೂ ವ್ಯತ್ಯಾಸವಿಲ್ಲ, ಭೂತಗನ್ನಡಿ ಹಿಡಿದೇ ನೋಡಬೇಕು. ಅದನ್ನು ಅವರು ನನಗೆ ಮೂರು ದಿನ ಕಲಿಸಿದರು. ಇದನ್ನು ಯಾಕೆ ಇಷ್ಟು ತಿಕ್ಕುತ್ತಾರೆ ಎಂದು ಆಗ ಬೇಸರವಾಗಿತ್ತು.

ಅವರು ಬಹಳ ಮಾತಿನವರಲ್ಲ. ಮಾಲಕರು ಬೈದರೂ, ಗಾಡಿ ರದ್ದಾದರೂ, ಡಬ್ಬಿಯ ಪಲ್ಯ ಹಳಸಿದ್ದರೂ “ಇರ್ಲಿ” ಎನ್ನುತ್ತಿದ್ದರು. ಡೊಂಬಿವಲಿಯಿಂದ ಲೋಕಲಿನಲ್ಲಿ ನಿಂತುಕೊಂಡೇ ಬಂದು, ಬಂದ ಕೂಡಲೇ ಹತ್ತು ನಿಮಿಷ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ಆ ಹತ್ತು ನಿಮಿಷ ಮಾಲಕರೂ ಅವರನ್ನು ಕರೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಗಿರಾಕಿ ತನ್ನ ಹೊಸ ಫ್ಲ್ಯಾಟಿನ ಬಾಲ್ಕನಿಯಿಂದ ಖಾಡಿ ಕಾಣುತ್ತದೆ ಎಂದು ಹೆಮ್ಮೆ ಹೇಳಿಕೊಂಡಾಗ, ಇವರು ಹಾಳೆ ನೋಡಿ, ಖಾಡಿ ನಿಮ್ಮ ಲಿಫ್ಟಿನ ಕೆಳಗೂ ಇದೆ ಎಂದು ಮೆಲ್ಲಗೆ ಹಿಂದಿಯಲ್ಲಿ ಹೇಳಿದ್ದರು. ತಮಾಷೆಗೆ ಹೇಳಿದ್ದಲ್ಲ. ಆ ಮನುಷ್ಯ ನಕ್ಕ, ಮಾಲಕರು ನಗಲಿಲ್ಲ.

ನಾವು ನೆರೂಳಿನಲ್ಲಿ ಸ್ವಂತ ಮನೆ ತೆಗೆದುಕೊಂಡಾಗ ಗೃಹಪ್ರವೇಶದ ಊಟಕ್ಕೆ ಕರೆದಿದ್ದೆ. ಬಂದವರು ಹೊಸ್ತಿಲಲ್ಲೇ ನಿಂತು, ನಾನು ನಕ್ಷಾದಾಗ ನೋಡಿ ಬಂದೇನಿ, ಇಲ್ಲಿ ಗಟ್ಟಿ ನೆಲ ಅದ, ಗುಡ್ಡದ ಬುಡ, ಚಿಂತಿ ಇಲ್ಲ ಎಂದರು. ಆಮೇಲೇ ಚಪ್ಪಲಿ ಬಿಟ್ಟರು. ಬ್ಯಾಂಕು, ವಕೀಲ, ವಾಸ್ತು ಎಲ್ಲ ನೋಡಿ ಮನೆ ಕೊಂಡ ನನ್ನ ಗಂಡನಿಗೆ ಸ್ವಲ್ಪ ಕಸಿವಿಸಿಯಾಯಿತು. ನನಗೆ ನಗು ಬಂತು.

ಆ ನಗುವೇ ಮುಂದೆ ಮಾತಿಗೆ ದಾರಿಯಾಯಿತು. ಹಳೆಯ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಇವತ್ತಿನ ಉಪಗ್ರಹದ ಚಿತ್ರದ ಮೇಲೆ ತಾಳೆ ಹಾಕಿ ಕೂರಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಡೊಂಬಿವಲಿಯ ಹಾಳೆ ಸರಿಯಾಗಿ ಕೂತಿತು. ನನ್ನ ಮನೆಯ ನೆಲವನ್ನು ಅವರು ನೋಡಿದ್ದರಲ್ಲ ಎಂದು, ಹುಮ್ಮಸ್ಸಿನಲ್ಲಿ ಅವರ ಕಾಲನಿಯನ್ನು ಹುಡುಕಿದೆ. ಮೂರು ಮಹಡಿಯ ಎರಡು ಕಟ್ಟಡ. ಒಂದು ಕಟ್ಟಡದ ಮೇಲೆ ಸರಿಯಾಗಿ, ಸಾಸಿವೆ ಕಾಳಿನಷ್ಟು ನೀಲಿ. ನೆಲದ ಮೇಲೆ ಅದು ಒಂದೂವರೆ ಎಕರೆ ಬರುತ್ತದೆ.

“ಸರ್, ಬನ್ನಿ ಇಲ್ಲಿ, ನಿಮ್ಮ ಬಿಲ್ಡಿಂಗು ಕೆರೆ ಮೇಲಿದೆ,” ಎಂದೆ.

ಅವರು ಬಂದು ನೋಡಲಿಲ್ಲ. ಅರ್ಧ ತಿಂದ ಡಬ್ಬಿಯನ್ನು ಮುಚ್ಚಿ, ಕೈ ತೊಳೆಯಲು ಹೋದರು. ನನ್ನ ತಾಳೆಯಲ್ಲೇ ತಪ್ಪಿರಬೇಕೆಂದು ನಾನು ಎರಡು ದಿನ ಅದನ್ನು ತಿದ್ದುತ್ತಾ ಕೂತೆ. ಮೂರನೆಯ ದಿನ ಮಾಲಕರು ಸೈಟಿಗೆ ಹೋಗಿದ್ದಾಗ, ಅವರು ತಮ್ಮ ಸ್ಟೂಲನ್ನು ನನ್ನ ಟೇಬಲ್ಲಿನ ಪಕ್ಕಕ್ಕೆ ಎಳೆದುಕೊಂಡು ಕೂತರು.

“ತಿದ್ದಬ್ಯಾಡ ತಂಗಿ. ಅದು ಖರೇನ ಅದ. ಆ ಕಾಲನಿ ನಕ್ಷಾ ನಾನಽ ಮಾಡಿದ್ದು.”

ಆಗ ಅವರಿಗೆ ಮೂವತ್ತು ದಾಟಿರಲಿಲ್ಲವಂತೆ. ಒಬ್ಬ ಬಿಲ್ಡರನ ಜಾಗಕ್ಕೆ, ಹಳೆಯ ಹಾಳೆಯನ್ನು ದೊಡ್ಡದು ಮಾಡಿ, ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆಯುವ ಕೆಲಸ ಇವರಿಗೆ ಬಂತು. ಕೆರೆಯನ್ನೂ ಬರೆದಿದ್ದರು. ಆಗಿನ ಮಾಲಕರು, ಅಂದರೆ ಈಗಿನವರ ತಂದೆ, ಬಂದು ನೋಡಿ, ಇದೇನು, ಬೇಸಿಗೆಯಲ್ಲಿ ಒಣಗುವ ಹೊಂಡ, ತೆಗೆದುಬಿಡಿ ಎಂದರು. ಒಣಗುವುದಲ್ಲ ಎಂದು ಇವರಿಗೆ ಗೊತ್ತಿತ್ತು. ಒಳಗೆ ನೀಲಿ ತುಂಬಿತ್ತು. ಹಾಗೆಂದು ಬಾಯಿ ಬಿಡಲಿಲ್ಲ. ಅರ್ಧ ಬ್ಲೇಡಿನಿಂದ ಶಾಯಿ ಕೆರೆದು, ಗುರುತು ಕಾಣದಂತೆ ಉಗುರಿನಿಂದ ತಿಕ್ಕಿ ನಯ ಮಾಡಿದರು. ಹತ್ತು ನಿಮಿಷದ ಕೆಲಸ.

ಹೆದರಿದ್ದಿರಾ ಎಂದು ಕೇಳಿದೆ. ಮಾಲಕರ ಮೇಲೆ ತಪ್ಪು ಹಾಕಲು ಅವರಿಗೆ ಅದೊಂದು ದಾರಿಯಿತ್ತು. ಅವರು ಹಾಕಲಿಲ್ಲ.

“ಹೆದರಿಕಿ ಎಲ್ಲಿದು. ಸಂಜಿ ಆಗಿತ್ತು. ವಾದಾ ಮಾಡಕೋತ ಕುಂತ್ರ ಗಾಡಿ ತಪ್ಪತದ ಅಂತ ಅವಸರ. ಅಷ್ಟಽ.”

ಕಟ್ಟಡ ಎದ್ದ ಮೇಲೆ ಆ ಬಿಲ್ಡರು ಆಫೀಸಿನವರಿಗೆ ಮನೆಗಳನ್ನು ಸ್ವಲ್ಪ ಸೋವಿಯಲ್ಲಿ ಕೊಟ್ಟ. ಇವರಿಗೆ ಸಿಕ್ಕಿದ್ದು ನೆಲಮಟ್ಟದ ಮನೆ. ಗೊತ್ತಿದ್ದೂ ಯಾಕೆ ಹೋದಿರಿ ಎಂದೆ. ಮುರುಮು ಮಣ್ಣು ತುಂಬಿದರೆ ಗಟ್ಟಿ ನೆಲವೇ ಆಗುತ್ತದೆ ಎಂದುಕೊಂಡೆ, ಇಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರಲ್ಲ ಎಂದರು. ಅದೂ ಅಲ್ಲದೆ ಎಂಟು ಜನರಿದ್ದ ಚಾಳಿನ ಕೋಣೆಯಿಂದ ಹೆಂಡತಿಯನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಮೂರನೆಯ ಮಳೆಗಾಲಕ್ಕೆ ನೀರು ಒಳಗೆ ಬಂತು. ಆಮೇಲೆ ಪ್ರತಿ ವರ್ಷ. ಜೂನ್ ಬಂತೆಂದರೆ ಆಕೆ ಗ್ಯಾಸು, ಹಾಸಿಗೆ, ಟ್ರಂಕು ಎಲ್ಲವನ್ನೂ ಇಟ್ಟಿಗೆಯ ಮೇಲೆ ಏರಿಸುವುದು. ನೀರು ಇಳಿದ ಮೇಲೆ ಕೆಸರು ಬಾಚುವುದು.

“ಇಪ್ಪತ್ತು ವರ್ಷ ಆಕಿ ಗಟಾರಕ್ಕ ಬೈದ್ಲು, ಮಳೀಗೆ ಬೈದ್ಲು. ನಾನು ಹೂಂ ಅಂದೆ.”

ಆಕೆ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಹೇಳದೆಯೇ ಕಳಿಸಿಕೊಟ್ಟಿದ್ದರು. ಇಷ್ಟು ಹೇಳಿ ಅವರು ಸ್ಟೂಲನ್ನು ಎತ್ತಿಕೊಂಡು ಹೋಗಿ ತಮ್ಮ ಟೇಬಲ್ಲಿನ ಮುಂದೆ ಇಟ್ಟುಕೊಂಡರು. ಅದರ ಬಗ್ಗೆ ನಾವು ಮತ್ತೆ ಮಾತಾಡಲಿಲ್ಲ. ನಾನು ಸಮಾಧಾನದ ಮಾತು ಏನಾದರೂ ಹೇಳಬೇಕಿತ್ತೋ ಏನೋ.

ಮುಂದೆ ಆಫೀಸು ಮುಚ್ಚಿತು. ಹಾಳೆಗಳು ರದ್ದಿಗೆ ಹೋದವು. ನಾನು ಬೇರೆ ಕಡೆ ಸೇರಿದೆ. ಹಬ್ಬಕ್ಕೊಂದು ಫೋನು, ಅಷ್ಟೇ ಉಳಿದಿತ್ತು. ಎರಡು ವರ್ಷದ ಹಿಂದೆ ಒಂದು ದಿನ ಹಬ್ಬವಿಲ್ಲದೆ ಫೋನು ಬಂತು. ಅವರ ಸೊಸೈಟಿಯ ಹಳೆಯ ಕಟ್ಟಡಗಳನ್ನು ಕೆಡವಿ ಹದಿನಾಲ್ಕು ಮಹಡಿ ಎಬ್ಬಿಸುವ ರೀಡೆವಲಪ್‌ಮೆಂಟಿನ ಮಾತು ನಡೆದಿತ್ತು. ಹೊಸ ಬಿಲ್ಡರು ತೋರಿಸಿದ ಪ್ಲ್ಯಾನಿನಲ್ಲಿ ಕಾರುಗಳಿಗೆ ನೆಲದ ಕೆಳಗೆ ಎರಡು ಅಂತಸ್ತು. ಆ ಅಂತಸ್ತು ಕೆರೆಯ ಹೊಟ್ಟೆಯಲ್ಲೇ ಬರುತ್ತಿತ್ತು. ಎಲ್ಲರೂ ಕೈಯೆತ್ತುವ ಸಭೆ ಮುಂದಿನ ಭಾನುವಾರ. ಆ ಸ್ಕ್ಯಾನು ನಿನ್ನ ಹತ್ತಿರ ಇದೆಯೇ, ದೊಡ್ಡದಾಗಿ ಪ್ರಿಂಟು ತೆಗೆಸಿ ತರುತ್ತೀಯಾ ಎಂದು ಕೇಳಿದರು. ಆಮೇಲೆ, ನೀನೂ ಬಾ ಎಂದರು. ಮುದುಕನ ಮಾತನ್ನು ಯಾರೂ ನಂಬುವುದಿಲ್ಲ, ಕಂಪ್ಯೂಟರು ಹೇಳಿದರೆ ನಂಬುತ್ತಾರೆ.

ಬೇರೆಯವರ ಸೊಸೈಟಿಯ ಉಸಾಬರಿ ನಿನಗ್ಯಾಕೆ ಎಂದು ನನ್ನ ಗಂಡ ಕೇಳಿದರು. ನನಗೂ ಹಾಗೆಯೇ ಅನಿಸಿತ್ತು. ಆದರೂ ನನ್ನ ಬಳಿ ಉಳಿದಿದ್ದ ಪ್ರತಿಯ ಪ್ರಿಂಟು ತೆಗೆಸಿಕೊಂಡು ಹೋದೆ.

ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಂದವರೆಲ್ಲ ಖುಷಿಯಲ್ಲಿದ್ದರು. ಬಿಲ್ಡರನ ಕಡೆಯ ಹುಡುಗ ಟೈ ಕಟ್ಟಿಕೊಂಡು ಬಂದಿದ್ದ, ಎಲ್ಲರಿಗೂ ವಡಾ ಹಂಚಿದ್ದರು. ಕಾಕಾ ತಮ್ಮ ಮಗನಿಗೂ ಏನೂ ಹೇಳಿರಲಿಲ್ಲ. ನಲವತ್ತರ ಹತ್ತಿರದ ಆತ, ಹೆಂಡತಿ ಮತ್ತು ಶಾಲೆಗೆ ಹೋಗುವ ಮಗಳ ಜೊತೆ ಅದೇ ತೇವದ ಮನೆಯಲ್ಲಿದ್ದವನು, ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಪ್ರಿಂಟನ್ನು ಗೋಡೆಗೆ ಅಂಟಿಸಿದೆ. ಕಾಕಾ ಎದ್ದು ನಿಂತು ಮರಾಠಿಯಲ್ಲಿ ಮಾತಾಡಿದರು. ಇಲ್ಲಿ ಮೊದಲು ಕೆರೆಯಿತ್ತು, ವರ್ಷವಿಡೀ ನೀರಿರುವ ಕೆರೆ, ನೋಡಿ ಇಲ್ಲಿದೆ ಎಂದು ಪೆನ್ಸಿಲಿನಿಂದ ತೋರಿಸಿದರು. ನಮ್ಮ ಮನೆಗಳಿಗೆ ನೀರು ಬರುವುದಲ್ಲ, ನಾವು ನೀರಿಗೆ ಬಂದಿದ್ದೇವೆ ಎಂದರು. ಕಡೆಗೆ ಹೇಳಿದರು: “ಹಾ ತಲಾವ ಮೀಚ ಕಾಢಲಾ.”

ಹಾ ತಲಾವ ಮೀಚ ಎಂದರೆ ಈ ಕೆರೆಯನ್ನು ನಾನೇ. ಮರಾಠಿಯಲ್ಲಿ ಕಾಢಲಾ ಎಂದರೆ ಚಿತ್ರ ಬರೆದೆ ಎಂದೂ ಆಗುತ್ತದೆ, ತೆಗೆದುಹಾಕಿದೆ ಎಂದೂ ಆಗುತ್ತದೆ. ಜನ ಮೊದಲನೆಯದೇ ಅಂದುಕೊಂಡರು. ಕಾಕಾ ಹಳೇ ನಕ್ಷೆ ಚೆನ್ನಾಗಿ ಬರೆದಿದ್ದಾರೆ ಎಂದು ಒಂದಿಬ್ಬರು ತಲೆಯಾಡಿಸಿದರು. ಸೆಕ್ರೆಟರಿ ಮಾತ್ರ ನಿಧಾನವಾಗಿ, ಬರೆದಿರೋ ತೆಗೆದಿರೋ ಎಂದು ಕೇಳಿದರು. ಎರಡೂ ಮಾಡಿದೆ ಎಂದು ಇವರು ಬ್ಲೇಡಿನಿಂದ ಹಿಡಿದು ಎಲ್ಲವನ್ನೂ ಹೇಳಿದರು.

ಎರಡನೇ ಮಹಡಿಯ ಒಬ್ಬ ಹೆಂಗಸು, ಅವರ ಹೆಂಡತಿಯ ಗೆಳತಿಯಾಗಿದ್ದವರು, ಎದ್ದು, ವಹಿನಿಗೆ, ಅಂದರೆ ಅತ್ತಿಗೆಗೆ, ಗೊತ್ತಿತ್ತಾ ಎಂದು ಒಂದೇ ಮಾತು ಕೇಳಿದರು. ಇಲ್ಲ ಎಂದು ಇವರು ತಲೆಯಲ್ಲಾಡಿಸಿದರು. ಆಕೆ ವಡೆಯ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಹತ್ತಿ ಹೋಗಿಬಿಟ್ಟರು. ಆಮೇಲೆ ಗಲಾಟೆ ಎದ್ದಿತು. ಮೊದಲೇ ಹೇಳಿದ್ದರೆ ಮಾರಿಕೊಂಡು ಹೋಗುತ್ತಿದ್ದೆವು ಎಂದು ಕೆಲವರು, ಈಗ ಹೇಳಿ ಬರುವ ಮನೆ ತಪ್ಪಿಸುತ್ತಿದ್ದೀರಿ ಎಂದು ಕೆಲವರು. ಇಷ್ಟು ವರ್ಷ ಸುಮ್ಮನಿದ್ದವರು ಇವತ್ತೂ ಸುಮ್ಮನಿರಬಹುದಿತ್ತು ಎಂದವರೇ ಹೆಚ್ಚು. ಟೈ ಕಟ್ಟಿದ ಹುಡುಗ, ಈಗಿನ ತಂತ್ರಜ್ಞಾನಕ್ಕೆ ಇದೆಲ್ಲ ಒಂದು ವಿಷಯವೇ ಅಲ್ಲ ಎಂದ. ಹಿರಿಯರೊಬ್ಬರು, ಇದನ್ನು ಬರೆದುಕೊಳ್ಳುವುದು ಬೇಡ, ಬಾಯಿಮಾತಿನಲ್ಲೇ ಇರಲಿ ಎಂದು ಸೆಕ್ರೆಟರಿಗೆ ಸೂಚಿಸಿದರು.

ಕಾಕಾ ಇನ್ನೂ ನಿಂತೇ ಇದ್ದರು. ನಾನು ಬಿಟ್ಟದ್ದು ಸಾಕು, ನೀವು ಬಿಡಬೇಡಿ, ಮಿನಿಟ್ಸಿನಲ್ಲಿ ಬರೆಯಿರಿ, ನನ್ನ ಹೆಸರು ಹಾಕಿಯೇ ಬರೆಯಿರಿ ಎಂದರು. ಸೆಕ್ರೆಟರಿ ಒಮ್ಮೆ ಎಲ್ಲರ ಮುಖ ನೋಡಿ, ಪುಸ್ತಕ ತೆರೆದು ಬರೆದುಕೊಂಡರು. ಬರೆದು ಮುಗಿಯುವವರೆಗೆ ಇವರು ಕೂರಲಿಲ್ಲ. ಮಗ ಅಷ್ಟರಲ್ಲಿ ಎದ್ದು ಗೇಟಿನ ಆಚೆ ಹೋಗಿದ್ದ.

ಬರೆದುಕೊಂಡಾದ ಮೇಲೆ ಮಣ್ಣಿನ ಪರೀಕ್ಷೆ ಇನ್ನೊಮ್ಮೆ ಮಾಡಿಸಬೇಕಾಯಿತು. ಮೊದಲು ಕೊರೆದ ತೂತುಗಳು ಕಾಂಪೌಂಡಿನ ಮೂಲೆಗಳಲ್ಲಿದ್ದವು. ಈ ಸಲ ನಡುವೆ ಕೊರೆದರು. ಮುರುಮು ಮುಗಿದ ಮೇಲೆ ಕಪ್ಪು ಕೆಸರು ಬಂತು, ಅದರಲ್ಲಿ ಬಸವನಹುಳದ ಸಣ್ಣ ಚಿಪ್ಪುಗಳು. ಬಿಲ್ಡರು ಹಿಂದೆ ಸರಿದ. ಇನ್ನೊಬ್ಬ ಸಿಗಲು ವರ್ಷದ ಮೇಲಾಯಿತು. ಅವನು ನೆಲದ ಕೆಳಗಿನ ಅಂತಸ್ತುಗಳನ್ನು ಬಿಟ್ಟ, ಕಂಬಗಳನ್ನು ಇನ್ನೂ ಆಳಕ್ಕೆ ಇಳಿಸುವುದೆಂದ. ಮನೆಗಳು ಹಿಂದೆ ಹೇಳಿದ್ದಕ್ಕಿಂತ ಒಂದು ಕೋಣೆ ಚಿಕ್ಕದಾದವು. ಆ ಒಂದು ವರ್ಷ ಸೊಸೈಟಿಯಲ್ಲಿ ಕಾಕಾರನ್ನು ಯಾರೂ ಮಾತಾಡಿಸಲಿಲ್ಲ. ಗಣಪತಿ ಕೂರಿಸಿದಾಗ ಆರತಿಗೆ ಕರೆಯಲಿಲ್ಲ. ಇವರು ತಾವಾಗಿಯೇ ಹೋಗಿ ಹಿಂದೆ ನಿಂತು ಬಂದರಂತೆ.

ನಾನು ಫೋನು ಮಾಡಿದಾಗ, ಮಗ ಮಾತಾಡುತ್ತಾನಾ ಎಂದು ಕೇಳಿದ್ದೆ. “ಮಾತಾಡ್ತಾನ. ಹೆಂಡ್ತಿಗೆ ಹೇಳ್ತಾನ, ಆಕಿ ನನಗ ಹೇಳ್ತಾಳ,” ಎಂದರು. ಆಮೇಲೆ “ಇರ್ಲಿ” ಎಂದರು.

ಹೇಳಿದ ಮೇಲೆ ಹಗುರವಾಯಿತೇ ಎಂದು ಇನ್ನೊಮ್ಮೆ ಕೇಳಿದೆ. ಕೇಳಬಾರದಿತ್ತು. ಹಗುರ ಏನೂ ಇಲ್ಲ, ಹೆಂಡತಿಗೆ ಹೇಳಬೇಕಾಗಿದ್ದ ಮಾತನ್ನು ಊರವರಿಗೆ ಹೇಳಿದ ಹಾಗಾಯಿತು ಎಂದರು. ಆದರೆ ಕಾರು ನಿಲ್ಲಿಸುವ ಆ ಕೆಳಗಿನ ಅಂತಸ್ತಿಗೆ ಇಳಿದ ಯಾವುದೋ ಮಗು ಮಳೆಯ ದಿನ ಸಿಕ್ಕಿಹಾಕಿಕೊಳ್ಳುವುದು ತಪ್ಪಿತಲ್ಲ, ಅಷ್ಟು ಸಾಕು ಎಂದರು. ಅದನ್ನೂ ಅವರು ಸಮಾಧಾನದಿಂದ ಹೇಳಿದಂತೆ ಕೇಳಲಿಲ್ಲ. ಗಾಡಿಯಲ್ಲಿ ನಿಂತು ಬಂದ ಮೇಲಿನ ಆ ಹತ್ತು ನಿಮಿಷದ ದಣಿವು ದನಿಯಲ್ಲಿತ್ತು.

ಕಟ್ಟಡ ಖಾಲಿ ಮಾಡಿ ಎಲ್ಲರೂ ಬಾಡಿಗೆ ಮನೆಗಳಿಗೆ ಚದುರಿದರು. ಇವರು ಮಗನ ಜೊತೆ ಕಲ್ಯಾಣದಲ್ಲಿ ನಾಲ್ಕನೇ ಮಹಡಿಗೆ ಹೋದರು. ಜೂನ್ ತಿಂಗಳಲ್ಲಿ ಮಾವ ಎಲ್ಲಿಂದಲೋ ಇಟ್ಟಿಗೆ ತಂದು ಟ್ರಂಕು ಏರಿಸಿಟ್ಟರು, ಬೇಡ ಎನ್ನಲು ಮನಸ್ಸಾಗಲಿಲ್ಲ ಎಂದು ಸೊಸೆ ನನಗೆ ಫೋನಿನಲ್ಲಿ ಹೇಳಿದ್ದಳು. ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಮೆಸೇಜು ಬಂದ ಎರಡು ವಾರಕ್ಕೆ, ಒಂದು ಶನಿವಾರ, ಕಲ್ಯಾಣಕ್ಕೆ ಹೋಗಿ ಮಗ ಸೊಸೆಯನ್ನು ಮಾತಾಡಿಸಿದೆ. ಮಗ ಹೆಚ್ಚು ಮಾತಾಡಲಿಲ್ಲ. ಆಡಿದ್ದೂ ಮರಾಠಿಯಲ್ಲಿ. ಅಪ್ಪ ಅವತ್ತು ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಮನೆ ಏಳುತ್ತಿತ್ತು, ಪ್ರಾಣ ಬಿಡಲು ಅವರಿಗೂ ಸ್ವಂತ ಮನೆ ಸಿಗುತ್ತಿತ್ತು ಎಂದ. ನಾನು ಚಹಾ ಕುಡಿದೆ. ಹೊರಡುವಾಗ, ಸೈಟಿನ ಕಡೆ ಹೋಗುತ್ತಿದ್ದೇನೆ, ಡೊಂಬಿವಲಿಯಲ್ಲಿ ಇಳಿದು ನೋಡಿ ಹೋಗುತ್ತೀರಾ ಎಂದು ಅವನೇ ಕರೆದ. ರಜೆಯ ದಿನಗಳಲ್ಲಿ ಅವನು ಅಲ್ಲಿಗೆ ಹೋಗಿ ನಿಲ್ಲುವುದುಂಟು ಎಂದು ಸೊಸೆ ಹೇಳಿದಳು.

ತಗಡಿನ ಬೇಲಿಯ ಒಳಗೆ ಕಂಬಗಳ ಬುನಾದಿಗೆ ತೋಡಿದ ದೊಡ್ಡ ಗುಂಡಿ. ನಾಲ್ಕು ದಿನದಿಂದ ಮಳೆಯಿಲ್ಲ, ಆದರೂ ಕೆಳಗೆ ಮೊಣಕಾಲಿನವರೆಗೆ ಕಪ್ಪು ನೀರು. ಮೂರು ಪಂಪುಗಳು ಹೀರಿ ಗಟಾರಕ್ಕೆ ಸುರಿಯುತ್ತಿದ್ದವು. ಹೆಲ್ಮೆಟ್ಟು ಹಾಕಿದ ಎಳೆಯ ವಯಸ್ಸಿನ ಎಂಜಿನಿಯರು ಒಬ್ಬಳು ಅಂಚಿನಲ್ಲಿ ನಿಂತು ಡ್ರಾಯಿಂಗು ನೋಡುತ್ತಿದ್ದಳು. ಕೆಲಸಕ್ಕೆ ಹೊಸಬಳು. ಎಷ್ಟು ಎಳೆದರೂ ಇಳಿಯುತ್ತಿಲ್ಲ, ಇಲ್ಲಿ ಮೊದಲು ಏನಿತ್ತು ಎಂದು ನಮ್ಮನ್ನು ಕೇಳಿದಳು. ಯಾರೋ ಹಳೆಯ ನಿವಾಸಿಗಳು ಎಂದು ಊಹಿಸಿದ್ದಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗ ಹೇಳಿದ.

“ಕೆರೆ ಇತ್ತು. ನಮ್ಮ ಅಪ್ಪ ಹೇಳಿದ್ದರು. ಸೊಸೈಟಿಯ ಪುಸ್ತಕದಲ್ಲಿ ಬರೆದಿದೆ, ಅವರ ಹೆಸರಿನ ಸಮೇತ.”

ಮರಾಠಿಯಲ್ಲೇ ಹೇಳಿದ, ಜಗಳಕ್ಕೆ ನಿಂತವನ ಹಾಗೆ. ಅವಳು ಡ್ರಾಯಿಂಗಿನ ಅಂಚಿನಲ್ಲಿ ಅದನ್ನು ಗುರುತು ಮಾಡಿಕೊಂಡು, ಎಷ್ಟು ಆಳವಿತ್ತು ಎಂದು ಕೇಳಿದಳು. ಅವನು ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಆ ನಕ್ಷೆಗಳಲ್ಲಿ ಕೆರೆಯ ಆಳ ಬರೆದಿರುವುದಿಲ್ಲ ಎಂದೆ.

ಮಗ ಬೇಲಿಯ ಆಚೆಗೆ ಕೈ ತೋರಿಸಿದ. ರಸ್ತೆಯ ಆಚೆ ಹಳೆ ಊರಿನ ಮನೆಗಳು ಇನ್ನೂ ಇವೆ, ಅಲ್ಲಿ ಈಜಿದವರು ಯಾರಾದರೂ ಬದುಕಿದ್ದರೆ ಅವರಿಗೆ ಗೊತ್ತಿರುತ್ತದೆ, ಕೇಳಿಕೊಂಡು ಬರುತ್ತೇನೆ ಎಂದ. ಪ್ಯಾಂಟನ್ನು ಎರಡು ಸುತ್ತು ಮೇಲೆ ಮಡಿಸಿ, ಕೆಸರು ದಾಟಿ, ತಗಡಿನ ಬಾಗಿಲಿನಿಂದ ಹೊರಗೆ ಹೋದ. ಅವನು ಬರುವವರೆಗೆ ಇರುತ್ತೀರಾ ಎಂದು ಎಂಜಿನಿಯರು ಕೇಳಿದಳು. ಇರುತ್ತೇನೆ ಎಂದೆ. ಅವಳು ನನಗೊಂದು ಕುರ್ಚಿ ತರಿಸಿದಳು.